ಗೊರಕೆ ಮೀನಿನ ಕೆಮ್ಮು

ಮಾತು ಆಡಿದರೆ ಹೋಯಿತು, ಮೊಟ್ಟೆ ಒಡೆದರೆ ಬಂತು. ಹಿರಿಯರು ಹೇಳಿದ್ದು ಮೊಟ್ಟೆಯಲ್ಲ, ಮುತ್ತು. ಬಂತು ಅಂತಲೂ ಅಲ್ಲ, ಹೋಯಿತು ಅಂತ. ಗೊತ್ತಿದೆ. ಆದರೆ ಆ ಹಿರಿಯರು ಯಾರೂ ಮೀನಿನ ಮೊಟ್ಟೆ ಎಣಿಸುವ ಮನೆಗೆ ಸೊಸೆಯಾಗಿ ಹೋದವರಲ್ಲ. ಗಾದೆಯ ಕತ್ತು ತಿರುಚಿದ್ದು ನಿಜ. ಕತೆಯದ್ದು ಮಾತ್ರ ಒಂದು ಕೂದಲೂ ಕೊಂಕಿಲ್ಲ. ನಡೆದದ್ದು ನಡೆದ ಹಾಗೇ ಇದೆ.

ಆ ಸೊಸೆಗೆ ಮನೆಯಲ್ಲಿ ‘ಟೇಪು’ ಎಂದು ಹೆಸರು. ಒಮ್ಮೆ ಕೇಳಿದ ದನಿ ಅವಳ ಗಂಟಲಿಗೆ ಬಾಡಿಗೆಗೆ ಬಂದರೆ ಮತ್ತೆ ಖಾಲಿ ಮಾಡುತ್ತಿರಲಿಲ್ಲ. ದೋಣಿಯ ಮೋಟಾರು ಕೆಮ್ಮಿ ಕ್ಯಾಕರಿಸಿ ಹೊತ್ತಿಕೊಳ್ಳುವುದು, ಪಕ್ಕದ ಬೀದಿಯ ದರ್ಜಿ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಳತೆ ಹೇಳುವುದು, ಕುಕ್ಕರು ಕೂಗುವ ಮೊದಲು ಒಂದು ಗಳಿಗೆ ಯೋಚಿಸುವುದು, ಎಲ್ಲವೂ ಅವಳ ಹತ್ತಿರ ಸ್ಟಾಕಿನಲ್ಲಿದ್ದವು. ಗಂಡ ಹಲ್ಲಿನ ಡಾಕ್ಟರು. ದಿನವಿಡೀ ಊರವರಿಗೆಲ್ಲ ಬಾಯಿ ತೆಗೀರಿ, ಬಾಯಿ ತೆಗೀರಿ ಎನ್ನುವವನು, ಸಂಜೆ ಮನೆಗೆ ಬಂದು ತಾನು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅವಕಾಶ ಸಿಕ್ಕಿದರಲ್ಲವೇ.

ಮನೆಯಿದ್ದದ್ದು ಮೀನು ಕೇಂದ್ರದ ಮಹಡಿಯ ಮೇಲೆ. ಕೆಳಗೆ ಪ್ರಯೋಗಶಾಲೆ, ಹಿಂದೆ ನದಿ. ಮೆಟ್ಟಿಲ ಬುಡದಲ್ಲಿ ಮೂರು ಜೊತೆ ರಬ್ಬರ್ ಬೂಟು. ಕಿಟಕಿಯಾಚೆ ಒಂದೇ ಹಗ್ಗದಲ್ಲಿ ಟವೆಲೂ ಬಲೆಯೂ ಅಕ್ಕಪಕ್ಕ ಒಣಗುತ್ತಿದ್ದವು. ಹೀಗಾಗಿ ಮನೆಮಂದಿಯೆಲ್ಲ ಮುಖ ಒರೆಸಿಕೊಂಡ ಮೇಲೂ ಸ್ವಲ್ಪ ಮೀನಾಗಿಯೇ ಇರುತ್ತಿದ್ದರು. ಕೇಂದ್ರದ ಮುಖ್ಯಸ್ಥರು ಮಾವ. ದೋಣಿ ನಡೆಸುವುದು, ಬಲೆ ಹೊಲಿಯುವುದು ಅತ್ತೆ. ಸೂಕ್ಷ್ಮದರ್ಶಕದ ಮುಂದೆ ಕೂತು ಮೊಟ್ಟೆ, ಮರಿ ಎಣಿಸುವುದು ಸೊಸೆ. ಅತ್ತೆ ಮಾವ ಸೊಸೆ ಮೂವರೂ ಒಂದೇ ದೋಣಿಯಲ್ಲಿ ಕೂತು ಮುಳುಗದೆ ದಡ ಸೇರುತ್ತಿದ್ದರು ಎನ್ನುವುದೇ ಊರಿಗೊಂದು ಬೆರಗು.

ಆ ವರ್ಷ ಮಾವನ ಜೀವವೆಲ್ಲ ಒಂದು ಗೇಟಿನ ಮೇಲಿತ್ತು.

ಬಯಲಿನಲ್ಲಿ ಹರಿಯುವ ನದಿ ಆಗಾಗ ಮಗ್ಗುಲು ಬದಲಿಸುತ್ತದೆ. ಬಿಟ್ಟುಹೋದ ಹಳೆಯ ಪಾತ್ರ ಕುಡುಗೋಲಿನ ಹಾಗೆ ಬಾಗಿದ ಕೆರೆಯಾಗಿ ಉಳಿಯುತ್ತದೆ. ಇಲ್ಲಿಯೂ ಅಂಥದೊಂದು ಕೆರೆ, ಸುತ್ತ ಹುಲ್ಲುಗಾವಲು. ಅದಕ್ಕೂ ನದಿಗೂ ನಡುವೆ ಒಡ್ಡು, ಒಡ್ಡಿನಲ್ಲಿ ಕಬ್ಬಿಣದ ಗೇಟು. ಹನ್ನೆರಡು ವರ್ಷದಿಂದ ಗೇಟು ಮುಚ್ಚಿತ್ತು. “ಮೀನಿಗೆ ನದಿ ಅಂದ್ರೆ ರಸ್ತೆ ಕಣಮ್ಮ, ಮನೆ ಅಲ್ಲ,” ಎನ್ನುತ್ತಿದ್ದರು ಮಾವ. “ಹೆರಿಗೆಗೆ ಅದು ಪಕ್ಕಕ್ಕೆ ತಿರುಗ್ಬೇಕು. ಬೆಚ್ಚಗಿನ ನಿಂತ ನೀರು, ಮರಿಗೆ ತಿನ್ನೋಕೆ ನೀರುಚಿಗಟದಂಥ ಸಣ್ಣ ಹುಳ, ಸೆಳವಿನ ಕಾಟ ಇಲ್ಲ. ಅದು ತವರುಮನೆ. ನಾವು ತವರಿಗೆ ಬೀಗ ಹಾಕಿ, ಬಸುರಿ ಯಾಕೆ ಬರಲಿಲ್ಲ ಅಂತ ಕೇಳ್ತಿದೀವಿ.”

ಹನ್ನೆರಡು ವರ್ಷ ಅರ್ಜಿ ಬರೆದ ಮೇಲೆ ಗೇಟು ಪರೀಕ್ಷೆಗೆಂದು ನಲವತ್ತು ದಿನ ತೆರೆಯಿತು. ನೆರೆ ಬಂತು, ಹುಲ್ಲುಗಾವಲು ಮೊಣಕಾಲುದ್ದ ಮುಳುಗಿತು. ಮೊದಲ ವಾರವೇ ಮೊಟ್ಟೆ ಅಂಟಿಸುವ ಜಾತಿಗಳು ಬಂದು ಒಂದೊಂದು ಹುಲ್ಲೆಸಳಿಗೂ ಮಣಿ ಪೋಣಿಸಿಟ್ಟು ಹೋದವು. ಎರಡನೇ ವಾರ ಗೂಡು ಕಟ್ಟುವ ಗಂಡುಗಳು ಬಂದವು. ಅವುಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟು ತಿರುಗಿಯೂ ನೋಡದೆ ಹೊರಟುಬಿಡುತ್ತದೆ. ಗಂಡು ಅನ್ನ ನೀರು ಬಿಟ್ಟು ಈಜುರೆಕ್ಕೆಯಲ್ಲಿ ಗಾಳಿ ಬೀಸುತ್ತ ಕಾಯುತ್ತದೆ. “ಸ್ವಲ್ಪ ನೋಡಿ ಕಲೀರಿ,” ಎಂದು ಅತ್ತೆ ಮಾವನನ್ನು ಕರೆದು ತೋರಿಸಿದರು. “ನೋಡ್ತಾನೇ ಇದೀನಿ. ಆ ಗಂಡಿಗೆ ಯಾರೂ ಮಾತಾಡಿಸೋರಿಲ್ಲ. ಎಷ್ಟು ನೆಮ್ಮದಿ!” ಎಂದರು ಮಾವ.

ಆದರೆ ಗೇಟಿನ ಎಂಜಿನಿಯರ್ರು ಇವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈ ಮೀನುಗಳು ಚರಂಡಿಯಲ್ಲೂ ಸಂಸಾರ ಮಾಡುತ್ತವೆ, ಇದಕ್ಕೆ ಗೇಟು ಯಾಕೆ ಎಂದರು. ಷರತ್ತಿನಲ್ಲಿದ್ದದ್ದು ಒಂದೇ ಮೀನು: ಗೊರಕೆ ಮೀನು. ಮೊಳದುದ್ದದ ಬೂದು ಬಣ್ಣದ ಪ್ರಾಣಿ. ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಬೆದರಿಸಲು ಗಂಡು ತನ್ನ ಗಾಳಿಚೀಲವನ್ನು ಡೋಲಿನಂತೆ ನಡುಗಿಸುತ್ತದೆ. ನೀರೊಳಗೆ ಯಾರೋ ದೊಡ್ಡ ಮನುಷ್ಯರು ಊಟ ಮಾಡಿ ಮಲಗಿದ ಹಾಗೆ ಕೇಳುತ್ತದೆ. ಅದರ ಮೊಟ್ಟೆ ತಳಕ್ಕಿಳಿಯದು, ತೇಲುತ್ತದೆ. ಹರಿಯುವ ನದಿಯಲ್ಲಿಟ್ಟರೆ ತೇಲುತ್ತ ತೇಲುತ್ತ ಉಪ್ಪುನೀರು ಸೇರಿ ಸಾಯುತ್ತದೆ. ನಿಂತ ಕೆರೆಯಲ್ಲಿಟ್ಟರೆ ಇದ್ದಲ್ಲೇ ಸುತ್ತುತ್ತ ಮರಿಯಾಗುತ್ತದೆ. ನಲವತ್ತು ದಿನದೊಳಗೆ ಕೆರೆಯಲ್ಲಿ ಗೊರಕೆ ಮೀನಿನ ಮೊಟ್ಟೆ ಸಿಕ್ಕರೆ ಗೇಟು ಪ್ರತಿ ವರ್ಷ ತೆರೆಯುತ್ತದೆ. ಇಲ್ಲದಿದ್ದರೆ ಕಾಂಕ್ರೀಟು.

ಮೂವತ್ತೈದು ದಿನ ಕಳೆದವು. ಮೊಟ್ಟೆಯಿಲ್ಲ, ಗೊರಕೆಯಿಲ್ಲ. ಗೊರಕೆಯಿತ್ತು, ಆದರೆ ಅದು ಮಹಡಿಯ ಮೇಲೆ, ಮಾವನದು. ಅಷ್ಟುದ್ದದ ಕೆರೆಯಲ್ಲಿ ಬಲೆಯನ್ನು ಎಲ್ಲಿ ಎಳೆಯಬೇಕು ಎನ್ನುವುದೇ ತಿಳಿಯದೆ ಅತ್ತೆ ದಿನಾ ಒಂದೊಂದು ದಿಕ್ಕಿಗೆ ಎಳೆದು ಕಸ ತುಂಬಿಕೊಂಡು ಬರುತ್ತಿದ್ದರು.

ಮಾವನಿಗೆ ಕೇಳುವುದಕ್ಕೆ ತಮ್ಮದೇ ಒಂದು ಕ್ರಮವಿತ್ತು. ನೀರೊಳಗಿನ ಸದ್ದು ಹಿಡಿಯುವ ಮೈಕು ದೋಣಿಯ ಮಧ್ಯದಿಂದ ಇಳಿಬಿದ್ದಿರುತ್ತಿತ್ತು, ಪೆಟ್ಟಿಗೆಯಲ್ಲಿ ದಾಖಲೆಯೂ ಆಗುತ್ತಿತ್ತು. ಅವರು ಮಾತ್ರ ಹಳೆಯ ಬೆಸ್ತರಂತೆ ದೋಣಿ ತಳ್ಳುವ ಹುಟ್ಟಿನ ಅಗಲದ ತುದಿ ನೀರಿಗಿಳಿಸಿ, ಹಿಡಿಯನ್ನು ಕಿವಿಯ ಕೆಳಗಿನ ದವಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ನೀರಿನ ಸದ್ದು ಮರದಲ್ಲಿ ಹತ್ತಿ ಎಲುಬಿನಲ್ಲಿ ಇಳಿದು ಬರುತ್ತಿತ್ತು. ಹುಟ್ಟು ಹಿಡಿದು ಹುಟ್ಟಿನ ಸುದ್ದಿ ಕೇಳುವವರು ಅವರೊಬ್ಬರೇ.

“ಯಂತ್ರಾನ ಯಾರು ಬೇಕಾದ್ರೂ ಯಾಮಾರಿಸ್ಬೋದು,” ಎಂದರು ಮೂವತ್ತಾರನೇ ದಿನ ಮಧ್ಯಾಹ್ನ, ಲಂಗರು ಇಳಿಸಿದ ಮೇಲೆ. ದನಿಯಲ್ಲಿ ಎಂದಿನ ಠೇಂಕಾರ ಇರಲಿಲ್ಲ. “ಈ ಕಿವಿಗೆ ಹೂ ಇಡೋನು ಇನ್ನೂ ಹುಟ್ಟಿಲ್ಲ. ಆದ್ರೆ ಏನು ಬಂತು? ಕೇಳೋಕೆ ಏನಾದ್ರೂ ಇರ್ಬೇಕಲ್ಲ.”

ಕಣ್ಣು ಮುಚ್ಚಿ ಕೂತರು. ಮುಖ ಬಾಡಿದ ಸೊಪ್ಪಿನಂತಿತ್ತು.

ಟೇಪು ದೋಣಿಯ ಹಿಂದಿನ ತುದಿಯಲ್ಲಿದ್ದಳು. ಪಕ್ಕದಲ್ಲಿ ಇನ್ನೊಂದು ಹುಟ್ಟು. ಹನ್ನೆರಡು ವರ್ಷದ ಹಿಂದೆ ಮಾವ ದಾಖಲಿಸಿದ್ದ ಗೊರಕೆ ಮೀನಿನ ಕೂಗನ್ನು ಅವಳು ಕೆಲಸದ ನೆಪದಲ್ಲಿ ನೂರು ಸಲ ಕೇಳಿದ್ದಳು. ಸ್ನಾನದ ಮನೆಯಲ್ಲಿ ಇನ್ನೂರು ಸಲ ಕೂಗಿದ್ದಳು. ಮರ ದವಡೆಗೆ ಸದ್ದು ತರುತ್ತದೆ ಅಂದಮೇಲೆ ಗಂಟಲಿನಿಂದ ಒಯ್ಯಲಾರದೇ? ಎರಡು ನಿಮಿಷ ಆ ಮುಖ ಅರಳಲಿ, ಆಮೇಲೆ ಹೇಳಿಬಿಟ್ಟರಾಯಿತು ಅಂದುಕೊಂಡಳು. ಹುಟ್ಟನ್ನು ಸದ್ದಿಲ್ಲದೆ ನೀರಿಗಿಳಿಸಿ, ಹಿಡಿಯನ್ನು ಗಂಟಲಿಗೆ ಒತ್ತಿಕೊಂಡು, ಬಾಯಿ ಮುಚ್ಚಿಯೇ ಎದೆಯಾಳದಿಂದ ಬಿಟ್ಟಳು.

ಗುರ್ರ್... ಗುರ್ರ್... ಗುರ್.

ಮಾವನ ಹುಬ್ಬು ಮೇಲೇರಿತು.

ಅವಳು ತಡೆದು ತಡೆದು ಆರು ಸಲ ಕೂಗಿದಳು. ನಾಲ್ಕನೆಯದರಲ್ಲಿ ಗಂಟಲು ಕೆರೆದು ಸಣ್ಣ ಕೆಮ್ಮು ನುಸುಳಿತು, ನುಂಗಿಕೊಂಡಳು. ಪ್ರತಿ ಸಲವೂ ಕೂಗಿದ ತಕ್ಷಣ ಹುಟ್ಟು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿ ನಗು ಅದುಮುತ್ತಿದ್ದಳು. ಅತ್ತೆ ಎಲ್ಲ ನೋಡಿದರು. ನೋಡಿ, ಬಲೆಯ ಗಂಟಿನ ಮೇಲೆ ವಿಪರೀತ ಗಮನ ಕೊಟ್ಟರು.

ಮಾವ ಕಣ್ಣು ತೆರೆದಾಗ ಟೇಪು ಹೇಳಲೆಂದೇ ಬಾಯಿ ತೆರೆದಳು. ಆದರೆ ಆ ಕಣ್ಣುಗಳಲ್ಲಿ ನೀರಿತ್ತು. ಅವರು ಎದ್ದು ನಿಂತು, ದೋಣಿ ಹೊಯ್ದಾಡುವುದನ್ನೂ ಲೆಕ್ಕಿಸದೆ ಅತ್ತೆಯ ಎರಡೂ ಕೈ ಹಿಡಿದುಕೊಂಡರು.

“ಬಂತು ಕಣೇ! ಬಂತು! ಹನ್ನೊಂದು ಸಲ!”

ತೆರೆದ ಬಾಯಿಯನ್ನು ಟೇಪು ಹಾಗೇ ಮುಚ್ಚಿದಳು. ಹನ್ನೊಂದಂತೆ! ಪಾಪ, ಖುಷಿಯಲ್ಲಿ ಒಂದಕ್ಕೆರಡು ಎಣಿಸಿದ್ದಾರೆ.

ದಡಕ್ಕೆ ಬಂದದ್ದೇ ಮಾವ ಬೂಟು ಬಿಚ್ಚದೆ ಫೋನಿಗೆ ಓಡಿದರು. ಪ್ರಯೋಗಶಾಲೆಯ ನೆಲದ ತುಂಬ ಕೆಸರಿನ ಹೆಜ್ಜೆ. ಅತ್ತ ಎಂಜಿನಿಯರ್ರ ದನಿ ಒಣಗಿದ ಹಪ್ಪಳದಂತೆ ಕೇಳುತ್ತಿತ್ತು: “ಹೌದಾ. ಒಳ್ಳೇದು. ಲಿಖಿತದಲ್ಲಿ ಕೊಡಿ. ನಾಡಿದ್ದು ಸಭೆ ಇದೆ. ನಾಳೆ ಮಧ್ಯಾಹ್ನ ನಾನೇ ಬರ್ತೀನಿ. ನೀವು ತಪ್ಪು ಹೇಳೋರಲ್ಲ ಅನ್ನೋ ನಂಬಿಕೆ ಮೇಲೆ ಬರ್ತಿದೀನಿ, ನೆನಪಿರ್ಲಿ.”

ಆ ಸಂಜೆ ಮಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮಗನನ್ನು ತಬ್ಬಿಕೊಂಡರು. ಮಗ ಏನಾಯಿತೆಂದು ತಿಳಿಯದೆ ಅಪ್ಪನ ಬಾಯೊಳಗೆ ನೋಡಿದ. ಟೇಪು ತಟ್ಟೆಯ ಅನ್ನವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತ ಕೂತಳು.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಒರೆಸುತ್ತ ಮೆತ್ತಗೆ ಕೇಳಿದರು: “ಏನೇ, ಗಂಟಲಿಗೆ ಮುಳ್ಳು ಸಿಕ್ಕಿದ ಹಾಗಿದೆ?”

“ನೀವಾದ್ರೂ ಅಲ್ಲೇ ಹೇಳ್ಬೋದಿತ್ತಲ್ಲ ಅತ್ತೆ!”

“ನಾನ್ಯಾಕೆ? ಹೊತ್ತಿಸಿದ್ದು ನೀನು, ಆರಿಸೋಳೂ ನೀನೇ. ಮೂವತ್ತು ವರ್ಷದ ಮೇಲೆ ಕೈ ಹಿಡಿದ್ರು ನನ್ನ. ಅದನ್ನ ನಾನೇ ಬಿಡಿಸ್ಕೊಳ್ಳಲಾ?” ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: “ಬೆಳಿಗ್ಗೆ ಅವರು ಬರೆಯೋಕೆ ಕೂರೋಕ್ ಮುಂಚೆ ಹೇಳ್ಬಿಡು. ಗೇಟು ಹೋದ್ರೆ ಹೋಯ್ತು. ಸುಳ್ಳು ಬರೆದ್ರು ಅನ್ನೋ ಮಾತು ಅವರಿಗೆ ಬರ್ಬಾರ್ದು.”

ಬೆಳಿಗ್ಗೆ ಟೇಪು ಕೆಳಗಿಳಿದಾಗ ಮಾವ ಆಗಲೇ ಮೇಜಿನ ಮುಂದಿದ್ದರು. ತಲೆ ಬಾಚಿ, ಶುಭ್ರ ಅಂಗಿ ತೊಟ್ಟು, ದಿನಚರಿಯ ನಿನ್ನೆಯ ಪುಟ ಬಿಡಿಸಿ, ವರದಿ ಬರೆಯಲು ಪೆನ್ನಿಗೆ ಶಾಯಿ ತುಂಬುತ್ತಿದ್ದರು. ಸುತ್ತಲ ಕಪಾಟಿನಲ್ಲಿ ಜಾಡಿಗಳೊಳಗಿನ ಮೀನುಗಳು ಸಾಕ್ಷಿಗೆ ಕರೆಸಿದ ಊರ ಹಿರಿಯರಂತೆ ಬಾಯಿ ತೆರೆದುಕೊಂಡು ನಿಂತಿದ್ದವು.

“ಮಾವ, ಬರೀಬೇಡಿ.”

“ಯಾಕಮ್ಮ? ಶಾಯಿ ಬಣ್ಣ ಸರಿಯಿಲ್ವಾ?”

“ಮೀನಲ್ಲ ಮಾವ. ನಾನು. ಇನ್ನೊಂದು ಹುಟ್ಟನ್ನ ಗಂಟಲಿಗಿಟ್ಕೊಂಡು ನಾನೇ ಕೂಗಿದ್ದು.”

ಮಾವ ಪೆನ್ನಿನ ಮುಚ್ಚಳ ಹಾಕಿದರು. ಅದೊಂದು ಸಣ್ಣ ಟಕ್ ಸದ್ದು. ಅನುಕರಿಸಬಾರದ ಸದ್ದೂ ಲೋಕದಲ್ಲಿದೆ ಎಂದು ಟೇಪಿಗೆ ಮೊದಲ ಸಲ ಅನ್ನಿಸಿತು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಕಿಟಕಿಯಾಚೆ ನದಿಯನ್ನು ನೋಡಿದರು. ನಿಧಾನವಾಗಿ ಅಂದರು: “ಚೆನ್ನಾಗೇ ಕೂಗಿದೀಯ. ನಾನು ನಂಬಿದೆ.”

“ತಪ್ಪಾಯ್ತು ಮಾವ. ನಿಮ್ಮ ಮುಖ ನೋಡೋಕಾಗದೆ...”

“ಇರ್ಲಿ.” ಪುಟವನ್ನು ಹತ್ತಿರ ಎಳೆದುಕೊಂಡರು. “ಹೊಡೆದುಹಾಕೋಣ. ಹನ್ನೊಂದೂ ನಿನ್ನದೇ ತಾನೆ?”

“ನಾನು ಕೂಗಿದ್ದು ಆರೇ.”

“ಹನ್ನೊಂದು ಬರೆದಿದೀನಿ.”

“ಖುಷಿಯಲ್ಲಿ ಎರಡೆರಡು ಎಣಿಸಿರ್ತೀರ.”

ಮಾವ ತಲೆ ಎತ್ತಿದರು. ಮೋಸಹೋದವರ ನೋವು ಆ ಕ್ಷಣ ಎಲ್ಲಿ ಹೋಯಿತೋ! “ನಾನಾ? ಎರಡೆರಡು? ಹನ್ನೆರಡು ವರ್ಷ ಇಲ್ಲದ ಮೀನನ್ನ ಸೊನ್ನೆ ಅಂತ ಸರಿಯಾಗಿ ಎಣಿಸಿದ ಮನುಷ್ಯ ನಾನು! ಎರಡೆರಡು ಎಣಿಸಿದ್ರೆ ಹನ್ನೆರಡಾಗ್ಬೇಕಿತ್ತಲ್ಲ? ಇಲ್ಲಿ ನೋಡು, ಒಂದೊಂದಕ್ಕೂ ಗುರುತು ಹಾಕಿದೀನಿ.”

ಟೇಪು ಬಗ್ಗಿ ನೋಡಿದಳು. ಒಂದು, ಎರಡು, ಮೂರು ಹೀಗೆ ಸಾಲಾಗಿ ಗೀಟುಗಳು. ಏಳನೆಯದರ ಪಕ್ಕ ಅಂದವಾದ ಅಕ್ಷರದಲ್ಲಿ ಬರೆದಿತ್ತು: ‘ಕೊನೆಯಲ್ಲಿ ದನಿ ಒಡೆಯುತ್ತದೆ, ಕೆಮ್ಮಿನಂತೆ. ವಯಸ್ಸಾದ ಗಂಡು ಇರಬೇಕು.’

“ಅಯ್ಯೋ! ಅದು ನಾನು ಮಾವ!”

“ಅದು ನೀನಾದ್ರೆ ಎಂಟು ಯಾರು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ದಾಖಲೆಯ ಪೆಟ್ಟಿಗೆಗೆ ಕೈ ಹಾಕಿ, ತಲೆಗೆ ತಲೆ ಡಿಕ್ಕಿಯಾಯಿತು.

ಪೆಟ್ಟಿಗೆ ಮಾತಾಡಿತು. ಮೊದಲು ಟೇಪಿನ ಗುರ್ರ್. ಅದು ನಿಂತ ಮೇಲೆ, ದೂರದಲ್ಲಿ, ಅದಕ್ಕಿಂತ ಒರಟಾಗಿ ಇನ್ನೊಂದು. ಟೇಪು ಕೂಗಿದ ತಕ್ಷಣ ಹುಟ್ಟು ಇಳಿಸಿ ನಗು ಅದುಮುತ್ತಿದ್ದಳಲ್ಲ, ಅವಳಿಗೆ ಕೇಳುವ ದಾರಿಯೇ ಇರಲಿಲ್ಲ. ಕೇಳಿಸಿಕೊಂಡ ಮಾವ, ಒಂದೇ ಮೀನೆಂದು ನಂಬಿದ್ದರು.

“ಪ್ರತಿಧ್ವನಿ ಇರ್ಬೋದಾ ಮಾವ?”

“ಪ್ರತಿಧ್ವನಿಗೆ ಸಿಟ್ಟು ಬರುತ್ತೇನಮ್ಮ? ಕೇಳು. ಮೊದಲು ನೀನು ಮುಗಿಸೋ ತನಕ ತಡೆದಿದೆ. ಮೂರನೇ ಸಲ ನೀನು ಮುಗಿಸಿದ್ದೇ ತಡ, ಬಂತು. ಐದನೇ ಸಲ ನಿನಗೆ ಉಸಿರು ತಗೊಳ್ಳೋಕೂ ಬಿಟ್ಟಿಲ್ಲ. ಹತ್ತಿರಾನೂ ಬರ್ತಿದೆ.” ಮಾವ ಪೆಟ್ಟಿಗೆಯ ದನಿ ಏರಿಸಿದರು. “ಇದು ಜಗಳ ಕಣಮ್ಮ! ಗಂಡು ಗಂಡಿಗೆ ಆಡೋ ಮಾತು. ‘ನನ್ನ ಜಾಗದಲ್ಲಿ ನೀನ್ಯಾವನೋ’ ಅಂತಿದೆ!”

ಮೆಟ್ಟಿಲ ಮೇಲಿಂದ ಅತ್ತೆ ಕೂಗಿದರು: “ಏನು ಗಲಾಟೆ? ಹೇಳಿದ್ಲಾ?”

“ಹೇಳಿದ್ಲು! ಬಲೆ ತಗೊಂಡು ಇಳಿ!”

ಮಧ್ಯಾಹ್ನ ಬಂದ ಎಂಜಿನಿಯರ್ರಿಗೆ ಮಾವ ಬಾಗಿಲಲ್ಲೇ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದರು. ನಿನ್ನೆ ಹೇಳಿದ ಹನ್ನೊಂದರಲ್ಲಿ ಆರು ಸೊಸೆಯದು, ಐದು ಮೀನಿನದು. ಎಂಜಿನಿಯರ್ರು ಮಾವ ಸೊಸೆ ಇಬ್ಬರ ಮುಖವನ್ನೂ ನೋಡಿ, ಫೈಲು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡರು. “ಲಿಖಿತದಲ್ಲಿ ಹೇಗೆ ಕೊಡ್ತೀರಿ ಇದನ್ನ?”

“ಮೊದಲು ಕೇಳಿ. ಆಮೇಲೆ ಬರಿಯೋಣ,” ಎಂದು ಮಾವ ಅವರ ಕೈಗೆ ಒಂದು ಜೊತೆ ಬೂಟು ಕೊಟ್ಟರು.

ನಾಲ್ವರ ಭಾರಕ್ಕೆ ದೋಣಿ ತಗ್ಗಾಗಿ ಸಾಗಿತು. ನಿನ್ನೆಯ ಜಾಗದಲ್ಲೇ ಲಂಗರು ಬಿತ್ತು. ಮಾವ ತಮ್ಮ ಹುಟ್ಟನ್ನು ಎಂಜಿನಿಯರ್ರ ದವಡೆಗೆ ಒತ್ತಿದರು; ಅವರು ಹಲ್ಲುನೋವಿನವರ ಹಾಗೆ ಓರೆಯಾಗಿ ಕೂತರು. ಟೇಪಿಗೆ ಆಟಕ್ಕೆ ಕೂಗುವಾಗ ಇಲ್ಲದ ಅಳುಕು ಈಗ. ಮೀನು ನಿನ್ನೆಯೇ ಜಾಗ ಬಿಟ್ಟಿದ್ದರೆ?

“ಕೂಗಮ್ಮ. ನಿನ್ನೆಗಿಂತ ಚೆನ್ನಾಗಿ ಕೂಗು,” ಎಂದರು ಮಾವ.

ಗುರ್ರ್... ಗುರ್ರ್... ಗುರ್.

ನೀರು ಸುಮ್ಮನಿತ್ತು. ಮುಳುಗಿದ ಹುಲ್ಲಿನ ತುದಿಗಳು ಅಲ್ಲಾಡಿದವು, ನಿಂತವು. ಎರಡನೇ ಸಲ ಕೂಗಿದಳು. ಎಂಜಿನಿಯರ್ರು ಕೈ ಎತ್ತಿದರು, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ. “ಬಂತು ರೀ... ಯಾರೋ ಮಲಗಿದಾರೆ ಕೆಳಗೆ!”

ಮೂರನೇ ಕೂಗು ಮುಗಿಯುವ ಮೊದಲೇ ಅವಳ ಕೈಯಲ್ಲಿದ್ದ ಹುಟ್ಟಿಗೆ ಧಡ್ ಎಂದು ಏಟು ಬಿತ್ತು. ಹಿಡಿ ಗದ್ದಕ್ಕೆ ಬಡಿಯಿತು. “ಅಯ್ಯಮ್ಮ!” ನೀರು ಮಗುಚಿ, ಬೂದು ಬಣ್ಣದ ಅಗಲ ಬೆನ್ನೊಂದು ಮಿಂಚಿ, ಮತ್ತೊಮ್ಮೆ ಹುಟ್ಟಿಗೆ ಗುದ್ದಿ ಮುಳುಗಿತು.

“ಬಿಡ್ಬೇಡ ಕಣೇ, ತಿರುಗಿ ಬೈ!” ಎಂದರು ಅತ್ತೆ. ಕೈ ಮಾತ್ರ ಆಗಲೇ ಲಂಗರು ಎತ್ತಿ, ಸಣ್ಣ ಕಣ್ಣಿನ ಬಲೆ ಬಿಟ್ಟು, ದೋಣಿಯನ್ನು ಆ ಜಾಗದ ಸುತ್ತ ಮೆಲ್ಲಗೆ ತಿರುಗಿಸುತ್ತಿತ್ತು. ಸಿಕ್ಕಿದ್ದೆಲ್ಲ ಬಂದು ಸೇರುವ ಬಲೆಯ ತುದಿಯ ಬಾಟಲಿಯನ್ನು ಬಿಚ್ಚಿ ಬಿಳಿ ತಟ್ಟೆಗೆ ಸುರಿದಾಗ ಎಲ್ಲರ ತಲೆಯೂ ಒಟ್ಟಿಗೇ ಬಗ್ಗಿತು. ನೀರಿನ ಮೇಲೆ ಸಾಸಿವೆಗಿಂತ ತುಸು ದಪ್ಪನೆಯ ಗಾಜಿನ ಮಣಿಗಳು, ಒಂದೊಂದರೊಳಗೂ ಒಂದೊಂದು ಎಣ್ಣೆಯ ಹನಿ, ಬಿಸಿಲಿಗೆ ಹೊಂಬಣ್ಣ. ಹತ್ತಲ್ಲ, ಇಪ್ಪತ್ತಲ್ಲ, ತಟ್ಟೆ ತುಂಬ.

ಟೇಪು ಮಸೂರ ಹಿಡಿದಳು. ಎಣಿಸುವ ಕೆಲಸ ಅವಳದು, ಆದರೆ ಎಣಿಕೆ ಬಾಯಿಗೇ ಬರಲಿಲ್ಲ. ಕೆಲವು ಮಣಿಗಳೊಳಗೆ ಕೂದಲೆಳೆಯಂಥ ಬಾಲ ಫಕ್ಕನೆ ಒದೆಯುತ್ತಿತ್ತು. ಅವಳ ಕಣ್ಣೆದುರೇ ಒಂದು ಮಣಿ ಒಡೆಯಿತು. ಅಲ್ಪವಿರಾಮದಷ್ಟು ಮರಿಯೊಂದು ಹೊರಬಿದ್ದು, ಲೋಕ ಎಷ್ಟು ಅಗಲ ಎಂದು ಗಾಬರಿಯಾದಂತೆ ನಿಂತಿತು. ಮಸೂರವನ್ನು ಮಾವನಿಗೆ ಕೊಟ್ಟಳು. ಮಾವ ನೋಡಿದರು. ತುಂಬ ಹೊತ್ತು ನೋಡಿ ಎಂಜಿನಿಯರ್ರಿಗೆ ಕೊಟ್ಟರು. ಎಂಜಿನಿಯರ್ರು ನೋಡಿ, ಯಾರಿಗೂ ಕೊಡಲಿಲ್ಲ.

“ಗೇಟು ತೆರೆದೇ ಇರುತ್ತೆ,” ಎಂದರು ಕೊನೆಗೆ. ಕಣ್ಣು ತಟ್ಟೆಯ ಮೇಲೇ ಇತ್ತು. “ಪ್ರತಿ ವರ್ಷ. ನಾನೇ ಬರೀತೀನಿ.” ಫೈಲು ಬಿಚ್ಚಿ, ನಮೂನೆಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಜಾಗ, ಆಳ, ನೀರಿನ ಶಾಖ ಎಲ್ಲ ತುಂಬಿದರು. ಮುಂದಿನ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

“ಕೂಗಿದ್ದು ಗಂಡೋ ಹೆಣ್ಣೋ ಅಂತ ಕೇಳಿದಾರೆ. ಎರಡನೇ ಕೂಗು ಗಂಡು, ಸರಿ. ಮೊದಲನೇ ಕೂಗಿನ ಎದುರು ಏನು ಬರೀಲಿ?”

“ಹೆಣ್ಣು ಅಂತ ಬರೀರಿ ಸಾರ್,” ಎಂದಳು ಟೇಪು ಗದ್ದ ಉಜ್ಜಿಕೊಳ್ಳುತ್ತ. “ಮದುವೆಯಾಗಿದೆ, ಬೇಕಾದ್ರೆ ಗಂಡನ್ನ ಕೇಳಿ.”

“ಗಂಡ ಒಪ್ಪಿದ್ರೆ ಆಯ್ತಾ?” ಎಂದರು ಅತ್ತೆ ಚುಕ್ಕಾಣಿಯಿಂದಲೇ. “ಆ ಮೀನು ಒಪ್ಪಬೇಕಲ್ಲ! ಇವಳ ಮೀಸೆ ಎಲ್ಲಿ ಅಂತ ಇನ್ನೂ ಕೆಳಗೆ ಹುಡುಕ್ತಾ ಇದೆ.”

ಎಂಜಿನಿಯರ್ರು ಮೊದಲು ಫೈಲಿನ ಹಿಂದೆ ನಕ್ಕರು. ಟೇಪು ನಕ್ಕಳು. ಅತ್ತೆ ತಮ್ಮ ಮಾತಿಗೆ ತಾವೇ ನಕ್ಕರು. ಮಾವ ಏನೋ ಹೇಳಲು ಹೋದರು. ಹೊಟ್ಟೆ ಕುಲುಕಿತು, ಭುಜ ಕುಲುಕಿತು, ದೋಣಿ ಕುಲುಕಿತು. “ತಟ್ಟೆ, ತಟ್ಟೆ ಹಿಡೀರಿ!” ಎಂದು ಅತ್ತೆ ಚೀರಿದರು. ಎಂಜಿನಿಯರ್ರು ಫೈಲು ಬಿಟ್ಟು ತಟ್ಟೆ ಹಿಡಿದರು. ಮಾವ ಹುಟ್ಟನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು, ಸೊಸೆಯ ಕಡೆ ಬೆರಳು ತೋರಿಸಿ, ಮತ್ತೆ ನಕ್ಕರು. ಒಡ್ಡಿನ ಮೇಲೆ ಕೂತಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರುವಷ್ಟು ಜೋರಾಗಿ ನಕ್ಕರು.